ಅದು ಇಂಗ್ಲಿಷಿನಲ್ಲಿ ಕೇಳಿತು, ನಮ್ಮ ಹುಡುಗ ‘ಹೂಂ’ ಅಂದ

ಚಳವಳಿಯ ಪತ್ರಿಕೆಯಲ್ಲಿ ಕಂಪ್ಯೂಟರ್ ರಿಪೇರಿಯ ಪುರಾಣ ಯಾಕಪ್ಪಾ ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಭದ್ರಾವತಿಯಲ್ಲಿ ನಡೆದದ್ದನ್ನು ಕೇಳಿ ಆಮೇಲೆ ಮಾತಾಡಲಿ.

ನಮ್ಮ ಭದ್ರಾವತಿ ಗೆಳೆಯರ ಬಳಿ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇತ್ತು. ಅಂಗೈ ಅಗಲದ ಕರಿ ಡಬ್ಬಿ, ಅದಕ್ಕೊಂದು ಗೇಣುದ್ದದ ವೈರು, ವೈರಿನ ತುದಿಗೆ ಯುಎಸ್‌ಬಿ ಪಿನ್ನು. ಒಂದು ಟಿ.ಬಿ., ಅಂದರೆ ಸಾವಿರ ಜಿ.ಬಿ. ಹಿಡಿಯುವ ಡಬ್ಬಿ. ಅದರೊಳಗೆ ಹತ್ತು ವರ್ಷದ ರಾಜ್ಯೋತ್ಸವದ ಫೋಟೋಗಳು, ತಾಲ್ಲೂಕು ಕಚೇರಿಗೂ ಡಿ.ಸಿ. ಕಚೇರಿಗೂ ಕೊಟ್ಟ ಮನವಿಗಳು, ಕರಪತ್ರಗಳು. ಎಲ್ಲಕ್ಕಿಂತ ಹೆಚ್ಚಾಗಿ, ವಿಐಎಸ್‌ಎಲ್ ಧರಣಿಯ ವಿಡಿಯೋಗಳು.

ಆ ಧರಣಿ ನಿಮಗೆ ನೆನಪಿರಬೇಕು. ೧೯೨೩ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ ಅದು. ಮೈಸೂರು ಸಂಸ್ಥಾನ ಕಟ್ಟಿದ್ದು, ವಿಶ್ವೇಶ್ವರಯ್ಯನವರು ನಿಂತು ಬೆಳೆಸಿದ್ದು. ೧೯೮೯ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಕೈಗೆ ಹೋಯಿತು, ೧೯೯೮ರಲ್ಲಿ ಅದರೊಳಗೇ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ, ನೂರು ತುಂಬಿದ ಹೊತ್ತಿಗೆ ಸರಿಯಾಗಿ, ಮುಚ್ಚುತ್ತೇವೆ ಎಂಬ ತೀರ್ಮಾನ ಹೊರಬಿತ್ತು. ನೂರನೇ ಹುಟ್ಟುಹಬ್ಬದ ಉಡುಗೊರೆ! ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಗ ನಮ್ಮ ಹುಡುಗರು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಧರಣಿಗೆ ಬಂದ ಹಳಬರನ್ನು, ನಿವೃತ್ತ ಕಾರ್ಮಿಕರನ್ನು, ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸಿ ಮೊಬೈಲಿನಲ್ಲಿ ಹಿಡಿದಿದ್ದರು. ಕುಲುಮೆಯ ಮುಂದೆ ನಿಂತವರು, ಕ್ರೇನ್ ಓಡಿಸಿದವರು, ಅಪ್ಪನೂ ಇದೇ ಗೇಟಿನೊಳಗೆ ದುಡಿದ ಎಂದವರು. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರೂ ಕ್ಯಾಮೆರಾ ಮುಂದೆ ಭದ್ರಾವತಿ ಕನ್ನಡದಲ್ಲೇ ಮಾತಾಡಿದ್ದರು. ಅವರಲ್ಲಿ ಇಬ್ಬರು ಈಗ ಇಲ್ಲ.

ಒಂದು ಸಂಜೆ ಹೊಸಮನೆಯ ನಮ್ಮ ಕೋಣೆಯಲ್ಲಿ ಹುಡುಗನೊಬ್ಬ ಆ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚಿದ. ದೀಪ ಹತ್ತಿತು. ಒಳಗೆ ಏನೋ ಟಿಕ್ ಅಂತು, ನಿಂತಿತು, ಮತ್ತೆ ತಿರುಗಿತು. ಆಮೇಲೆ ಪರದೆಯ ಮೇಲೆ ಒಂದು ಕಿಟಕಿ ತೆರೆಯಿತು. ಇಂಗ್ಲಿಷಿನಲ್ಲಿ ಎರಡು ಸಾಲು. ಈ ಡಿಸ್ಕನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬುದು ಅದರ ತಾತ್ಪರ್ಯ. ಕೆಳಗೆ ಎರಡು ಗುಂಡಿ. ಅವನು ಒತ್ತಿದ. ಇನ್ನೊಂದು ಕಿಟಕಿ ಬಂತು, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂದು ಅದೂ ಇಂಗ್ಲಿಷಿನಲ್ಲೇ ಎಚ್ಚರಿಸಿತು. ಅದಕ್ಕೂ ಓಕೆ ಒತ್ತಿದ. ಅರೆ ನಿಮಿಷದಲ್ಲಿ ಡಿಸ್ಕ್ ತೆರೆದುಕೊಂಡಿತು. ಖಾಲಿ.

ಅವನಿಗೆ ಅದು ಗೊತ್ತಾಗಲೇ ಇಲ್ಲ. ‘ಏನೋ ಎರರ್ ಬಂದಿತ್ತಣ್ಣ, ಸರಿಮಾಡಿದೆ’ ಎಂದು ಸಂತೋಷದಿಂದಲೇ ಹೇಳಿದ. ಆ ವರ್ಷದ ರಾಜ್ಯೋತ್ಸವದ ಮೆರವಣಿಗೆಯ ವಿಡಿಯೋಗಳನ್ನೆಲ್ಲ ಅದಕ್ಕೆ ತುಂಬಿದ. ನಾಲ್ಕು ದಿನ ಕಳೆದು ಯಾರೋ ಧರಣಿಯ ವಿಡಿಯೋ ಕೇಳಿದಾಗ ಎದೆ ಧಸಕ್ಕೆಂದಿತು.

ಆ ಹುಡುಗ ದಡ್ಡನಲ್ಲ ಸ್ವಾಮಿ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು. ಜಿಲ್ಲಾಧಿಕಾರಿಗೆ ಕೊಡುವ ಮನವಿಯನ್ನು ಒಂದು ಕಾಗುಣಿತ ತಪ್ಪಿಲ್ಲದೆ ಬರೆಯಬಲ್ಲ. ಆ ಎರಡು ಸಾಲು ಕನ್ನಡದಲ್ಲಿ ಇದ್ದಿದ್ದರೆ ಅವನ ಬೆರಳು ಗುಂಡಿಯ ಹತ್ತಿರ ಸುಳಿಯುತ್ತಿರಲಿಲ್ಲ. ವರ್ಷಾನುಗಟ್ಟಲೆ ಇಂಗ್ಲಿಷ್ ಕಿಟಕಿಗಳಿಗೆ ಓಕೆ ಒತ್ತಿ ಒತ್ತಿ ಅಭ್ಯಾಸವಾದ ಬೆರಳು ಅದು. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಸಾಹುಕಾರ ಹೊಲ ಬರೆಸಿಕೊಳ್ಳುತ್ತಿದ್ದ ಕಾಲ ಹೋಯಿತು ಎನ್ನುತ್ತೇವೆ. ಎಲ್ಲಿ ಹೋಯಿತು? ಹೆಬ್ಬೆಟ್ಟಿನ ಜಾಗಕ್ಕೆ ಮೌಸ್ ಬಂತು.

ಡಿಸ್ಕ್ ಹಿಡಿದುಕೊಂಡು ಶಿವಮೊಗ್ಗಕ್ಕೆ ಹೋದೆವು. ಹತ್ತೊಂಬತ್ತು ಇಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಅದನ್ನು ಮೊಟ್ಟೆಯ ಹಾಗೆ ತೊಡೆಯ ಮೇಲಿಟ್ಟುಕೊಂಡು. ಅಂಗಡಿಯ ಹೆಸರು ಬೇಡ, ಅಂಥವು ಊರಿಗೆ ಹತ್ತಿವೆ. ಕೌಂಟರಿನಲ್ಲಿದ್ದ ತರುಣ ನಮ್ಮ ಕಡೆಯವನೇ, ಆದರೆ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ. ಬೆಂಗಳೂರಿಗೆ ಕಳಿಸಬೇಕು ಎಂದ. ಡಿಸ್ಕಿನ ಬೆಲೆಯ ನಾಲ್ಕು ಪಟ್ಟು ಖರ್ಚು ಹೇಳಿದ. ಬರದೇ ಹೋದರೆ ನಾವು ಜವಾಬ್ದಾರರಲ್ಲ ಎಂಬರ್ಥದ ಒಂದು ಫಾರಂ ಮುಂದಿಟ್ಟ. ಅದೂ ಇಂಗ್ಲಿಷಿನದೇ. ಇನ್ನೊಂದು ಹೆಬ್ಬೆಟ್ಟು! ಸಹಿ ಹಾಕದೆ ಎದ್ದು ಬಂದೆವು. ಹೊರಗೆ ಬಂದು ತಲೆಯೆತ್ತಿ ನೋಡಿದರೆ ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿಯೇ ಇತ್ತು. ಬೋರ್ಡಿನ ೬೦ ಪಾಲು ಕನ್ನಡವಿರಬೇಕೆಂದು ೨೦೨೪ರಲ್ಲಿ ಕಾನೂನು ತಿದ್ದಿಸಿದ್ದೇವಲ್ಲ, ಅದರ ಫಲ. ಬೋರ್ಡಿನ ಕೆಳಗೆ ನುಗ್ಗಿದರೆ ಮಾತ್ರ ಶೇಕಡಾ ಸೊನ್ನೆ.

ಕೊನೆಗೆ ನಮಗೆ ದಾರಿ ತೋರಿಸಿದವರು ಪೇಪರ್ ಟೌನಿನ ಒಬ್ಬರು ಹಿರಿಯರು. ಕಾಗದ ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಇದ್ದವರು. ೧೯೩೬ರಲ್ಲಿ ಹುಟ್ಟಿದ ಎಂಪಿಎಂನಲ್ಲಿ ೨೦೧೫ರಲ್ಲಿ ಉತ್ಪಾದನೆ ನಿಂತಿತು. ಅಂದಿನಿಂದ ಇವರು ಮನೆಯಲ್ಲೇ ಸಣ್ಣಪುಟ್ಟ ರಿಪೇರಿ ಮಾಡಿಕೊಂಡಿದ್ದಾರೆ. ಅವರು ಮೊದಲು ಕೇಳಿದ ಪ್ರಶ್ನೆ, ‘ಸದ್ದು ಹೆಂಗಿತ್ತು?’

ಹಾರ್ಡ್‌ಡಿಸ್ಕ್ ಅನ್ನುವುದು ತಿರುಗುವ ಯಂತ್ರ, ಅದನ್ನು ಮರೆಯಬೇಡಿ ಎಂದರು ಆ ಹಿರಿಯರು. ಒಳಗೆ ನುಣ್ಣನೆಯ ಬಿಲ್ಲೆಗಳು ನಿಮಿಷಕ್ಕೆ ೫೪೦೦ ಸುತ್ತು ತಿರುಗುತ್ತವೆ. ಅವುಗಳ ಮೇಲೆ ಓದುವ ಮುಳ್ಳು ಹಾರಾಡುತ್ತದೆ, ಮುಟ್ಟುವುದಿಲ್ಲ. ನಡುವಿನ ಸಂದು ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಕಣ್ಣಿಗಿಂತ ಮೊದಲು ಕಿವಿ ಕೊಡಬೇಕು. ಒಂದೇ ಸಮನೆ ಮೆಲ್ಲಗೆ ಗುಂಯ್ ಎಂದು ತಿರುಗುತ್ತಿದ್ದರೆ ಯಂತ್ರದ ಜೀವ ಗಟ್ಟಿಯಿದೆ, ರೋಗ ಬೇರೆ ಕಡೆ ಇದೆ. ತಿರುಗಲು ಹೊರಟು ನಿಂತು ಮತ್ತೆ ಹೊರಟರೆ, ಇಲ್ಲವೇ ಸಣ್ಣಗೆ ಬೀಪ್ ಎನ್ನುತ್ತಿದ್ದರೆ, ಮೊದಲು ಕರೆಂಟು ಸಾಲದೆಂದು ಅನುಮಾನಿಸಿ. ಕರೆಂಟು ಸರಿಯಾಗಿ ಕೊಟ್ಟರೂ ಹಾಗೇ ಮಾಡಿದರೆ ಮೋಟಾರೋ ಮುಳ್ಳೋ ಕಚ್ಚಿಕೊಂಡಿದೆ. ಗಡಿಯಾರದ ಹಾಗೆ ಟಕ್ ಟಕ್ ಟಕ್ ಎಂದು ಬಡಿದುಕೊಳ್ಳುತ್ತಿದ್ದರೆ ಮುಳ್ಳಿಗೇ ಪೆಟ್ಟು. ತಕ್ಷಣ ಕಿತ್ತುಬಿಡಿ, ಮತ್ತೆ ಮತ್ತೆ ಚುಚ್ಚಿ ನೋಡಬೇಡಿ. ನೋಡಿದಷ್ಟೂ ಸಲ ಬಿಲ್ಲೆ ಗೀರಿಕೊಳ್ಳುತ್ತದೆ. ಅಂಥದ್ದನ್ನು ಧೂಳಿಲ್ಲದ ಕೋಣೆಯಿಟ್ಟುಕೊಂಡ ದೊಡ್ಡ ಕಡೆಗೇ ಕಳಿಸಬೇಕು, ಕಾಸು ಬಿಚ್ಚಲೇಬೇಕು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಸರಿಹೋಗುತ್ತದೆ ಎನ್ನುವ ಪಂಡಿತರು ಶಿವಮೊಗ್ಗದಲ್ಲೂ ಇದ್ದಾರೆ. ತಣ್ಣಗಾದ ಡಬ್ಬಿಯೊಳಗೆ ನೀರು ಕಟ್ಟುತ್ತದೆ, ಅಷ್ಟೆ.

ನಮ್ಮದು ‘ಟಿಕ್ ಅಂತು, ನಿಂತಿತು, ಮತ್ತೆ ತಿರುಗಿತು’ ಜಾತಿಯದು. ಹಿರಿಯರು ವೈರನ್ನು ಬೆರಳ ನಡುವೆ ಬಗ್ಗಿಸಿದರು. ದೀಪ ಆರಿತು. ನೆಟ್ಟಗೆ ಮಾಡಿದರು, ಹತ್ತಿತು. ಬೇರೆ ವೈರು ಹಾಕಿ ಕಂಪ್ಯೂಟರಿನ ಹಿಂಭಾಗದ ಕಿಂಡಿಗೆ ಚುಚ್ಚಿದರು. ಡಿಸ್ಕ್ ಒಂದೇ ಸಮನೆ ತಿರುಗಿತು.

ಅಷ್ಟೇ ರೋಗ! ವೈರಿನದು! ಹಳೆಯ ಯುಎಸ್‌ಬಿ ಕಿಂಡಿ ಲೆಕ್ಕದ ಪ್ರಕಾರ ಕೊಡುವುದು ೫೦೦ ಮಿಲಿಆಂಪಿಯರ್, ಒಳಗೆ ನೀಲಿ ನಾಲಿಗೆ ಇರುವ ಹೊಸದು ೯೦೦. ಡಿಸ್ಕ್ ನಿಂತಲ್ಲಿಂದ ತಿರುಗಲು ಹೊರಡುವ ಗಳಿಗೆಯಲ್ಲಿ ಹೆಚ್ಚು ಎಳೆಯುತ್ತದೆ, ನಿಂತ ಗಾಡಿಯನ್ನು ತಳ್ಳಲು ಹೆಚ್ಚು ಜನ ಬೇಕಾದ ಹಾಗೆ. ಡಬ್ಬದ ಮುಂಭಾಗದ ಕಿಂಡಿಗೆ ಒಳಗಿನಿಂದ ಇನ್ನೊಂದು ವೈರು ಹಾದು ಬರುತ್ತದೆ, ಸವೆದ ಕೇಬಲ್ ಸೇರಿದರೆ ಅದೂ ಸೋರಿಹೋಗುತ್ತದೆ. ಓದುತ್ತಾ ಓದುತ್ತಾ ಕೈಕೊಟ್ಟ ಡಿಸ್ಕನ್ನು ಕಂಪ್ಯೂಟರ್ ‘ಇದು ನನಗೆ ಗೊತ್ತಿಲ್ಲದ ಡಿಸ್ಕ್, ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿತು. ನೂರೈವತ್ತು ರೂಪಾಯಿಯ ಕೇಬಲ್ ಬದಲಾಯಿಸಿದ್ದರೆ ಎಲ್ಲವೂ ಇದ್ದಲ್ಲೇ ಇರುತ್ತಿತ್ತು.

ಇದನ್ನು ಬರೆದಿಟ್ಟುಕೊಳ್ಳಿ. ಡಿಸ್ಕ್ ಕಾಣದಿದ್ದರೆ ಮೊದಲು ಕೇಬಲ್, ಆಮೇಲೆ ಕಿಂಡಿ, ಆಮೇಲೆ ಇನ್ನೊಬ್ಬರ ಕಂಪ್ಯೂಟರು. ಒಂದಕ್ಕೆ ಹತ್ತು ಕವಲಿನ ಹಬ್ ಬೇಡ. ಗೋಡೆಯ ಪ್ಲಗ್ಗಿಗೆ ಹಾಕುವ ದೊಡ್ಡ ಡಿಸ್ಕ್ ಆದರೆ ಅದರ ಅಡಾಪ್ಟರನ್ನೂ ಬದಲಾಯಿಸಿ ನೋಡಿ. ಇಷ್ಟಾದ ಮೇಲೂ ತಿರುಗುತ್ತದೆ, ಆದರೆ ಕಾಣುವುದಿಲ್ಲ ಎಂದರೆ ಡಬ್ಬಿಯೊಳಗಿನ ಸಣ್ಣ ಬೋರ್ಡು ಸತ್ತಿರಬಹುದು. ಕೆಲವು ಡಬ್ಬಿಗಳಲ್ಲಿ ಮಾಮೂಲಿ ಡಿಸ್ಕಿಗೇ ಬೋರ್ಡು ಸಿಕ್ಕಿಸಿರುತ್ತಾರೆ. ಅದನ್ನು ಬಿಚ್ಚಿ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಬಹುದು. ಆದರೆ ಇತ್ತೀಚಿನ ಕೆಲವು ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಇನ್ನು ಕೆಲವು ಒಳಗಿನದನ್ನೆಲ್ಲ ಗುಪ್ತಲಿಪಿ ಮಾಡಿ ಇಡುತ್ತವೆ, ಆ ಬೋರ್ಡಿಲ್ಲದೆ ಬಿಡಿಸಲಾಗದು. ಕೇಳದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಅಂಗಡಿಯಲ್ಲಿ, ಝೆರಾಕ್ಸ್ ಸೆಂಟರಿನಲ್ಲಿ ಚುಚ್ಚಿ ತಂದ ಮೇಲೆ ಫೋಲ್ಡರುಗಳೆಲ್ಲ ಮಾಯವಾಗಿ ಶಾರ್ಟ್‌ಕಟ್ಟುಗಳು ಕಂಡರೆ ಅದು ವೈರಸ್ ಚೇಷ್ಟೆ. ಫೈಲುಗಳು ಸಾಮಾನ್ಯವಾಗಿ ಒಳಗೇ ಅಡಗಿರುತ್ತವೆ. ಅಲ್ಲೂ ಫಾರ್ಮ್ಯಾಟ್ ಮದ್ದಲ್ಲ.

ಫಾರ್ಮ್ಯಾಟ್ ಮಾಡಿದ್ದನ್ನು ಹಿರಿಯರು ಹೇಗೆ ತೆಗೆದರು? ಮಾಮೂಲಿ ಹಾರ್ಡ್‌ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಪುಸ್ತಕದ ಪರಿವಿಡಿ ಹರಿದಂತೆ, ಪುಟಗಳು ಇದ್ದೇ ಇರುತ್ತವೆ. ಅವುಗಳ ಮೇಲೆ ಹೊಸದು ಬರೆಯದಿದ್ದರೆ ಸರಿ. ಎಸ್‌ಎಸ್‌ಡಿ ಆಗಿದ್ದರೆ ಈ ಸಮಾಧಾನ ಬಹಳ ಸಲ ಇರುವುದಿಲ್ಲ, ಅದು ಖಾಲಿ ಎಂದದ್ದನ್ನು ನಿಜವಾಗಿಯೇ ಒರೆಸಿಬಿಡಬಹುದು. ಹಿರಿಯರು ಮೊದಲು ಡಿಸ್ಕಿನ ದಿನಚರಿ ನೋಡಿದರು. ಎಲ್ಲ ಡಿಸ್ಕುಗಳೂ ತಮ್ಮ ಆರೋಗ್ಯವನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ, ಸ್ಮಾರ್ಟ್ ಎಂದು ಅದರ ಹೆಸರು. ಅದರಲ್ಲಿ ೫ನೇ ಮತ್ತು ೧೯೭ನೇ ಸಾಲು ಕೆಟ್ಟ ಜಾಗಗಳ ಲೆಕ್ಕ. ನಮ್ಮದರಲ್ಲಿ ಎರಡೂ ಸೊನ್ನೆ. ಆಮೇಲೆ ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಡಿಸ್ಕಿಗೆ ತೆಗೆದರು. ಹುಡುಕಾಟವೆಲ್ಲ ಆ ಪಡಿಯಚ್ಚಿನ ಮೇಲೆ, ಮೂಲವನ್ನು ಮತ್ತೆ ಮುಟ್ಟಲಿಲ್ಲ. ಚೆಕ್‌ಡಿಸ್ಕ್ ಓಡಿಸಿ ಎನ್ನುವವರ ಮಾತು ಕೇಳಬೇಡಿ ಎಂದರು. ಅದು ಡಿಸ್ಕನ್ನು ನೆಟ್ಟಗೆ ಮಾಡಲು ಇರುವುದು, ನಿಮ್ಮ ಫೈಲು ಉಳಿಸಲು ಇರುವುದಲ್ಲ. ಪಡಿಯಚ್ಚಿನ ಮೇಲೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಇನ್ನೆರಡನ್ನು ಓಡಿಸಿದರು. ಮೂರೂ ಪುಕ್ಕಟೆ ಸಿಗುವ ಸ್ವತಂತ್ರ ತಂತ್ರಾಂಶಗಳು.

ಎರಡು ಹಗಲು ಎರಡು ರಾತ್ರಿ ಓಡಿತು. ಫೋಟೋಗಳು ಬಹುಪಾಲು ಬಂದವು. ಹೆಸರು, ತಾರೀಕು, ಫೋಲ್ಡರು ಏನೂ ಇಲ್ಲದೆ, ಬರೀ ನಂಬರಿನ ರಾಶಿ. ವಿಡಿಯೋ ಅರ್ಧಕ್ಕರ್ಧ. ಮೆರವಣಿಗೆಯ ವಿಡಿಯೋ ತುಂಬಿದ ಜಾಗದಲ್ಲಿ ಇದ್ದವು ಹೋದವು, ಅವುಗಳನ್ನು ಇನ್ನು ಯಾವ ಬೆಂಗಳೂರಿನವನೂ ತರಲಾರ. ಹೋದದ್ದರಲ್ಲಿ ಈಗ ಇಲ್ಲದ ಆ ಇಬ್ಬರಲ್ಲಿ ಒಬ್ಬರ ಮಾತೂ ಸೇರಿದೆ. ರಾಜ್ಯೋತ್ಸವದ ಡೊಳ್ಳಿನ ಸದ್ದಿನ ಕೆಳಗೆ ಒಬ್ಬ ಕನ್ನಡದ ಕಾರ್ಮಿಕನ ದನಿ ಹೂತುಹೋಯಿತು. ಮಾಡಿದವರು ನಾವೇ.

ಮನವಿಗಳದು ಇನ್ನೊಂದು ಕತೆ. ಅವು ಬಂದವು, ತೆರೆದೆವು, ಓದಲಾಗಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದವು. ಆ ಕಾಲದ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಕೂತಿದ್ದದ್ದು ರೋಮನ್ ಅಕ್ಷರಗಳ ಸಂಕೇತ, ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ವೇಷ ಕಳಚಿದರೆ ತಲೆಬುಡವಿಲ್ಲದ ಇಂಗ್ಲಿಷ್ ಚಿಹ್ನೆಗಳು. ಯೂನಿಕೋಡಿನಲ್ಲಿ ೧೯೯೧ರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿತ್ತು. ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯಲ್ಲಿ ಸರ್ಕಾರವೇ ಕನ್ನಡ ತಂತ್ರಾಂಶ ಸಮಿತಿ ಮಾಡಿ ಈ ದಾರಿಗೆ ಬಂದದ್ದೂ ಹಳೆಯ ಮಾತು. ನಾವು ಮಾತ್ರ ‘ಡಿಟಿಪಿಯವನು ಹೀಗೇ ಕೊಡು ಅಂದ’ ಎಂದು ಹಳೆಯ ಫಾಂಟನ್ನೇ ತಬ್ಬಿಕೊಂಡಿದ್ದೆವು. ಅದರ ದಂಡ ಈಗ ಕಟ್ಟಿದೆವು. ಹೆಸರು ಕಳೆದುಕೊಂಡ ಸಾವಿರಾರು ಫೈಲುಗಳಲ್ಲಿ ‘ಧರಣಿ’ ಎಂದು ಕನ್ನಡದಲ್ಲಿ ಹುಡುಕಿದರೆ ಯೂನಿಕೋಡಿನಲ್ಲಿದ್ದವು ಕ್ಷಣದಲ್ಲಿ ಸಿಕ್ಕವು. ಹಳೆಯ ಫಾಂಟಿನವನ್ನು ಒಂದೊಂದಾಗಿ ತೆರೆದು, ಪರಿವರ್ತಕದಲ್ಲಿ ಹಾಕಿ ಬದಲಾಯಿಸಿ ಓದಬೇಕಾಯಿತು. ಇನ್ನೂ ಮುಗಿದಿಲ್ಲ.

ಈಗ ಸಿಟ್ಟಿನ ಮಾತಿಗೆ ಬರೋಣ. ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ಸರಕಿನ ಮೇಲೆ ಕನ್ನಡ ಇರಬೇಕೆಂದು ಸರ್ಕಾರ ಆದೇಶಿಸಿದೆ, ಒಳ್ಳೆಯದು. ಹಾರ್ಡ್‌ಡಿಸ್ಕ್ ತಯಾರಾಗುವುದು ಥಾಯ್ಲೆಂಡಿನಲ್ಲಿ, ಚೀನಾದಲ್ಲಿ. ಆದೇಶ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಹತ್ತಾರು ಭಾಷೆಗಳಿದ್ದವು. ಕನ್ನಡ ಇರಲಿಲ್ಲ. ಕೋಟಿಗಟ್ಟಲೆ ಜನ ಆಡುವ ಭಾಷೆಗೆ ಒಂದು ಪ್ಯಾರಾ ಜಾಗವಿಲ್ಲ!

ಹಾಗಂತ ಕಂಪನಿಗಳನ್ನಷ್ಟೇ ಬೈದು ಮನೆಗೆ ಹೋಗಲೇ? ವಿಂಡೋಸಿಗೆ ಕನ್ನಡದ ಮುಖ ಇದೆ. ಸೆಟ್ಟಿಂಗಿನಲ್ಲಿ ಭಾಷೆಗೆ ಹೋಗಿ ಕನ್ನಡ ಆರಿಸಿಕೊಂಡರೆ ಪುಕ್ಕಟೆ ಬರುತ್ತದೆ, ಬಹುಪಾಲು ಕಿಟಕಿಗಳು ಕನ್ನಡದಲ್ಲಿ ಮಾತಾಡುತ್ತವೆ. ನಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಯಾಕೆ ಇರಲಿಲ್ಲ? ಯಾರೂ ಹಾಕಿರಲಿಲ್ಲ, ಅದಕ್ಕೇ! ಕನ್ನಡದ ಬಾವುಟ ಬಾಗಿಲ ಮೇಲೆ, ಇಂಗ್ಲಿಷ್ ಮೇಜಿನ ಮೇಲೆ. ನಿಮ್ಮ ಜೇಬಿನ ಮೊಬೈಲ್ ಯಾವ ಭಾಷೆಯಲ್ಲಿದೆ, ಒಮ್ಮೆ ತೆಗೆದು ನೋಡಿಕೊಳ್ಳಿ. ನನ್ನದೂ ಮೊನ್ನೆ ಮೊನ್ನೆಯವರೆಗೆ ಇಂಗ್ಲಿಷಿನಲ್ಲೇ ಇತ್ತು.

ಇದರಲ್ಲಿ ಒಂದು ಮೋಸದ ಬಾಗಿಲೂ ಇದೆ. ವಿಂಡೋಸಿನಲ್ಲಿ ‘ಸಿಂಗಲ್ ಲ್ಯಾಂಗ್ವೇಜ್’ ಎಂಬ ಆವೃತ್ತಿ ಇದೆ. ನಮ್ಮ ದೇಶದಲ್ಲಿ ಮಾರುವ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದನ್ನೇ ತುಂಬಿ ಕೊಡುತ್ತಾರೆ. ಅದಕ್ಕೆ ಕನ್ನಡ ಹಾಕಲು ಹೋದರೆ ನಿಮ್ಮ ಪರವಾನಗಿ ಒಂದೇ ಭಾಷೆಗೆ ಎಂದು ಬಾಗಿಲು ಹಾಕುತ್ತದೆ. ಆ ಒಂದು ಭಾಷೆ ಯಾವುದು ಅಂತ ಬೇರೆ ಹೇಳಬೇಕೇ? ದುಡ್ಡು ನಮ್ಮದು, ಭಾಷೆ ಅವರದು. ಶಿವಮೊಗ್ಗದ ಅಂಗಡಿಗಳ ಮುಂದೆ ನಾವು ಕೇಳಬೇಕಾದ್ದು ಇದನ್ನು. ಕನ್ನಡ ಹಾಕಲು ಬರುವ ಆವೃತ್ತಿ ಕೊಡಿ, ಹಾಕಿಯೇ ಕೊಡಿ, ರಿಪೇರಿಯ ಫಾರಮ್ಮನ್ನೂ ಬಿಲ್ಲನ್ನೂ ಕನ್ನಡದಲ್ಲಿ ಕೊಡಿ. ಜಿಲ್ಲಾ ಪಂಚಾಯಿತಿ, ನಗರಸಭೆ, ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಕೊಳ್ಳುವಾಗ ಟೆಂಡರಿನಲ್ಲೇ ಈ ಷರತ್ತು ಹಾಕಿದರೆ ಯಾವ ಕಂಪನಿ ಕೊಡುವುದಿಲ್ಲ ಎನ್ನುತ್ತದೆ ನೋಡೋಣ. ಪಕ್ಕದ ಕೇರಳದವರು ಶಾಲೆಗಳಲ್ಲಿ ಸ್ವತಂತ್ರ ತಂತ್ರಾಂಶವನ್ನೇ ಹಾಕಿ ಮಲಯಾಳದಲ್ಲಿ ಕಲಿಸುತ್ತಾರೆ. ಕಾಸರಗೋಡಿನ ಕನ್ನಡ ಮಕ್ಕಳಿಗೆ ಕಂಪ್ಯೂಟರ್ ಪಾಠದ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡುತ್ತಾರೆ. ಕೇರಳ ಸರ್ಕಾರ, ಸ್ವಾಮಿ!

ಕನ್ನಡ ಹಾಕಿದರೂ ಅರ್ಥವಾಗುವುದಿಲ್ಲ, ಆ ಅನುವಾದದ ಕನ್ನಡ ದೇವರಿಗೇ ಪ್ರೀತಿ ಎನ್ನುವವರಿದ್ದಾರೆ. ಆ ದೂರಿನಲ್ಲಿ ಸತ್ಯವಿದೆ. ಎಲ್ಲ ಪದಕ್ಕೂ ಸಂಸ್ಕೃತದ ಟೋಪಿ ಹೊಲಿಯುವ ಪಂಡಿತರನ್ನು ದೂರ ಇಡಿ. ಫಾರ್ಮ್ಯಾಟ್ ಎಂಬುದು ಫಾರ್ಮ್ಯಾಟ್ ಎಂದೇ ಇರಲಿ, ಕೇಬಲ್ ಕೇಬಲ್ಲೇ ಆಗಿರಲಿ. ಬಸ್ಸು, ಬ್ರೇಕು, ಸ್ಟೇರಿಂಗನ್ನು ಜೀರ್ಣಿಸಿಕೊಂಡ ಕನ್ನಡಕ್ಕೆ ಇದು ಹೆಚ್ಚಲ್ಲ. ನಮ್ಮ ಹುಡುಗ ಎಡವಿದ್ದು ಆ ಪದಕ್ಕಲ್ಲ, ಅದು ಅವನಿಗೆ ಗೊತ್ತಿತ್ತು. ಒತ್ತಿದರೆ ಏನಾಗುತ್ತದೆ ಎಂಬ ಮಾತು ಅವನಿಗೆ ಮುಟ್ಟಲಿಲ್ಲ. ‘ಒತ್ತಿದರೆ ಇದರಲ್ಲಿರುವುದೆಲ್ಲ ಹೋಗುತ್ತದೆ’ ಎಂಬ ಆರು ಪದವಿಲ್ಲದ ಸಾಲು ಅವನ ಭಾಷೆಯಲ್ಲಿ ಇರಬೇಕಿತ್ತು.

ನಮ್ಮ ಕೋಣೆಯ ಕಂಪ್ಯೂಟರು ಈಗ ಕನ್ನಡದಲ್ಲಿದೆ. ಉಳಿದದ್ದನ್ನೆಲ್ಲ ಎರಡು ಡಿಸ್ಕಿಗೆ ಇಳಿಸಿ ಒಂದನ್ನು ಭದ್ರಾವತಿಯಲ್ಲಿ, ಇನ್ನೊಂದನ್ನು ಶಿವಮೊಗ್ಗದ ಗೆಳೆಯರ ಮನೆಯಲ್ಲಿ ಇಟ್ಟಿದ್ದೇವೆ. ಭಾನುವಾರಗಳಂದು ಪೇಪರ್ ಟೌನಿನ ಹಿರಿಯರು ಬಂದು ಕೂರುತ್ತಾರೆ. ಮಾತಾಡದ ಡಿಸ್ಕ್ ಇದ್ದವರು ತರಲಿ, ಜೊತೆಗೆ ಅದರ ಕೇಬಲ್ಲನ್ನೂ ತರಲಿ. ಬದುಕಿರುವ ಹಳೆಯ ಕಾರ್ಮಿಕರನ್ನು ಮತ್ತೆ ಮಾತಾಡಿಸುವ ಕೆಲಸವನ್ನು ಆ ಹುಡುಗನೇ ತಲೆಯ ಮೇಲೆ ಹೊತ್ತುಕೊಂಡಿದ್ದಾನೆ. ಎರಡೂ ಡಿಸ್ಕಿನ ಬೆನ್ನಿಗೆ ಅವನದೇ ಕೈಬರಹದ ಚೀಟಿ ಅಂಟಿದೆ: ‘ಫಾರ್ಮ್ಯಾಟ್ ಅಂತ ಕೇಳಿದರೆ ಬೇಡ ಅನ್ನಿ. ಕೇಬಲ್ ಬದಲಾಯಿಸಿ. ಆಗದಿದ್ದರೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ.’